ಎಡಗಾಲು ಮಾತ್ರ ತಣ್ಣಗಿತ್ತು

ಅಪ್ಪಯ್ಯನ ಎಡಪಾದದ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಒಂದು ಸಣ್ಣ ಇಂಟು ಮಾರ್ಕ್ ಇತ್ತು. ಹೆಬ್ಬೆರಳಿನ ಸಂದಿಯಿಂದ ಮೇಲಕ್ಕೆ ನಾಲ್ಕು ಬೆರಳು ದೂರ, ಪಾದದ ಬೆನ್ನಿನ ಮೇಲೆ. ಆಪರೇಷನ್ ಆದ ಮೂರನೇ ದಿನ ನನ್ನನ್ನು ವಾರ್ಡಿನೊಳಗೆ ಬಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಮಕ್ಕಳ ಲೆಕ್ಕದ ಪುಸ್ತಕದಲ್ಲಿ ಮೇಷ್ಟ್ರು ತಪ್ಪು ಹಾಕಿದ ಹಾಗೆ. ಏನಿದು ಅಂತ ಕೇಳಿದೆ. ಕೇರಳದ ನರ್ಸ್ ಒಬ್ಬರು ಹಿಂದಿಯಲ್ಲಿ ಹೇಳಿದರು, ‘ನಾಡಿ ಸಿಗುವ ಜಾಗ. ರಾತ್ರಿ ಡ್ಯೂಟಿಯವರು ಮತ್ತೆ ಹುಡುಕುತ್ತಾ ಕೂರಬಾರದಲ್ವಾ, ಅದಕ್ಕೆ.’

ಆಮೇಲೆ ಪೆನ್ನಿನಂಥ ತುದಿಯಿದ್ದ ಒಂದು ಪುಟ್ಟ ಯಂತ್ರಕ್ಕೆ ಜೆಲ್ ಹಚ್ಚಿ ಆ ಗುರುತಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಬರೀ ಗರಗರ. ಕೈಯನ್ನು ಕೂದಲೆಳೆಯಷ್ಟು ಆಚೆ ಸರಿಸಿದರು. ಶೂಶ್... ಶೂಶ್... ಶೂಶ್. ಮುಂಜಾನೆ ಯಾರೋ ದೂರದಲ್ಲಿ ಅಂಗಳ ಗುಡಿಸುತ್ತಿರುವ ಹಾಗೆ.

‘ಆ ರಹಾ ಹೈ,’ ಎಂದರು.

ಕಾಲಿಗೂ ನಾಡಿ ಇರುತ್ತದೆ ಅನ್ನುವುದು ನನಗೆ ಗೊತ್ತಾದದ್ದು ನನ್ನ ಮೂವತ್ತಾರನೇ ವಯಸ್ಸಿನಲ್ಲಿ, ಅದೂ ಹೀಗೆ.

ಅಪ್ಪಯ್ಯ ಕುಂದಾಪುರ ಕಡೆಯ ಹಳ್ಳಿಯಿಂದ 1973ರಲ್ಲಿ ಮುಂಬಯಿಗೆ ಬಂದವರು. ಆಗ ಹದಿನೈದು ವರ್ಷ. ಮಾಟುಂಗಾದ ಹೋಟೆಲಿನಲ್ಲಿ ಪ್ಲೇಟು ತೊಳೆಯುವುದರಿಂದ ಶುರು, ಆಮೇಲೆ ಭಟ್ಟಿ ಮುಂದೆ ದೋಸೆ, ಕೊನೆಯ ಹದಿನೈದು ವರ್ಷ ಗಲ್ಲಾ. ನಲವತ್ತು ವರ್ಷಕ್ಕೂ ಜಾಸ್ತಿ ನಿಂತುಕೊಂಡೇ ಕಳೆದ ಮನುಷ್ಯ. ಗಲ್ಲಾದಲ್ಲಿ ಸ್ಟೂಲ್ ಇತ್ತು, ಆದರೆ ಗಿರಾಕಿ ನಿಂತಿರುವಾಗ ತಾನು ಕೂತರೆ ಅವರಿಗೆ ಸರಿ ಬರುತ್ತಿರಲಿಲ್ಲ. ಅದರ ಫಲವಾಗಿ ಎರಡೂ ಕಾಲಿನ ಮೀನಖಂಡದಲ್ಲಿ ಹಸಿರು ಹಗ್ಗದಂತೆ ಉಬ್ಬಿದ ನರಗಳು. ಹೋಟೆಲಿನ ಹಳಬರನೇಕರಿಗೆ ಇದು ಇರುತ್ತದೆ. ಸಂಜೆ ಕಾಲು ಸೆಳೆತ, ಅಮ್ಮ ಎಣ್ಣೆ ಹಚ್ಚುವುದು, ಇದೆಲ್ಲ ನಮ್ಮ ಮನೆಯಲ್ಲಿ ಊಟ ತಿಂಡಿಯಷ್ಟೇ ಮಾಮೂಲು. ಇದನ್ನು ಇಲ್ಲಿ ಹೇಳಲು ಕಾರಣ ಇದೆ.

2021ರ ಏಪ್ರಿಲ್. ಕೋವಿಡ್‌ನ ಎರಡನೇ ಅಲೆ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೂರು ಮಹಡಿಗೆ ಪಟ್ಟಿ ಕಟ್ಟಿದ್ದರು. ಅಪ್ಪಯ್ಯನಿಗೆ 18ಕ್ಕೆ ಜ್ವರ ಬಂತು, 20ಕ್ಕೆ ಪಾಸಿಟಿವ್. ಆ ದಿನಗಳಲ್ಲಿ ಎಲ್ಲರ ಮನೆಯಲ್ಲಿ ನಡೆದದ್ದೇ ನಮ್ಮಲ್ಲೂ ನಡೆಯಿತು. ಬೆರಳಿಗೆ ಆಕ್ಸಿಮೀಟರ್, ಗೋಡೆಗೆ ಅಂಟಿಸಿದ ಚಾರ್ಟ್, ಎರಡು ಗಂಟೆಗೊಮ್ಮೆ ನಂಬರ್. 96, 95, 96. ಒಂದು ರಾತ್ರಿ 93 ಬಂದಾಗ ಇಡೀ ಮನೆ ಎದ್ದು ಕೂತಿತ್ತು. ಆಮೇಲೆ ನೋಡಿದರೆ ಬೆರಳು ಸರಿಯಾಗಿ ಒಳಗೆ ಹೋಗಿರಲಿಲ್ಲ. ಎಂಟನೇ ದಿನಕ್ಕೆ ಜ್ವರ ಬಿಟ್ಟಿತು. ಹತ್ತನೇ ದಿನ ಅಪ್ಪಯ್ಯ ಗಂಜಿ ಸಾಕು ಮಾರಾಯ, ಇಡ್ಲಿ ಬೇಕು ಅಂದರು. ನಾವು ಗೆದ್ದೆವು ಅಂದುಕೊಂಡೆವು. ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿಯೂ ಆಯಿತು.

30ರ ಬೆಳಗಿನ ಜಾವ ಎರಡೂವರೆಗೆ ಅಪ್ಪಯ್ಯ ಎದ್ದು ಕೂತರು. ಎಡಗಾಲು ನೋವು. ನಾನು ಬಾಗಿಲಲ್ಲೇ ನಿಂತು ಕೇಳಿದೆ, ‘ಎಂತ ಆಯ್ತ್ ಅಪ್ಪಯ್ಯ?’

‘ಎಂತ ಇಲ್ಲೆ ಮಗಾ. ನರ ಹಿಡ್ದಿತ್ತ್. ನೀ ಮಲ್ಕೊ.’

ನರ ಹಿಡಿದಿದೆ. ಈ ಮಾತಿನ ಬಗ್ಗೆ ನಾನು ಆಮೇಲೆ ತುಂಬ ಯೋಚಿಸಿದ್ದೇನೆ. ನಾವು ಮನೆಮಾತಿನಲ್ಲಿ ಎಲ್ಲವನ್ನೂ ನರ ಅಂತಲೇ ಕರೆಯುತ್ತೇವೆ. ಮೆದುಳಿನಿಂದ ಸುದ್ದಿ ಒಯ್ಯುವುದೂ ನರ. ಮೀನಖಂಡದಲ್ಲಿ ಉಬ್ಬುವುದೂ ನರ. ರಕ್ತ ತೆಗೆಯಲು ಲ್ಯಾಬಿನವನು ಹುಡುಕುವುದೂ ನರ. ಹೃದಯದಿಂದ ರಕ್ತ ಹೊತ್ತು ತರುವುದೂ ನರವೇ. ಅಪಧಮನಿ, ಅಭಿಧಮನಿ ಅಂತ ಎಂಟನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಪರೀಕ್ಷೆ ಹಾಲಿನಲ್ಲೇ ಉಳಿಯಿತು. ಮರಾಠಿಯವರ ‘ನಸ’ದ್ದೂ ಇದೇ ಕಥೆ. ಹಾಗಾಗಿ ಅಪ್ಪಯ್ಯ ‘ನರ’ ಅಂದಾಗ ನನಗೆ ನಲವತ್ತು ವರ್ಷದ ಆ ಹಳೆಯ ಉಬ್ಬಿದ ನರವೇ ಕಂಡಿತು. ಅಮ್ಮನಿಗೂ ಅದೇ. ನೀಲಗಿರಿ ಎಣ್ಣೆ ಹಚ್ಚಿ ಉಜ್ಜಿದರು. ಬಿಸಿನೀರಿನ ಚೀಲ ಇಟ್ಟರು. ಎರಡೂ ಮಾಡಬಾರದ ಕೆಲಸ ಅಂತ ಈಗ ಗೊತ್ತು. ಸ್ಪರ್ಶವೇ ಗೊತ್ತಾಗದ ಪಾದಕ್ಕೆ ಬಿಸಿ ಇಟ್ಟರೆ ಸುಟ್ಟರೂ ತಿಳಿಯುವುದಿಲ್ಲ. ಮೇಲಾಗಿ, ರಕ್ತ ಸಿಗದ ಮಾಂಸಕ್ಕೆ ಬಿಸಿ ಕೊಟ್ಟರೆ ಅದರ ಹಸಿವು ಇನ್ನೂ ಹೆಚ್ಚುತ್ತದೆ.

ಐದು ಗಂಟೆಗೆ ನಮ್ಮ ಡಾಕ್ಟರಿಗೆ ಮೆಸೇಜ್ ಹಾಕಿದೆ. ಪಾಪ, ಅವರು ಆ ತಿಂಗಳು ನಿದ್ದೆ ಮಾಡಿದ್ದಾರೋ ಇಲ್ಲವೋ. ‘ಪೋಸ್ಟ್ ಕೋವಿಡ್ ವೀಕ್ನೆಸ್, ನೀರು ಜಾಸ್ತಿ ಕೊಡಿ’ ಅಂತ ಉತ್ತರ ಬಂತು. ಕಾಲು ನೋವು ಅಂತ ಬರೆದಿದ್ದೆನೇ ಹೊರತು ಒಂದೇ ಕಾಲು ಅಂತ ಬರೆದಿರಲಿಲ್ಲ. ಆ ಒಂದು ಪದ ಬಿಟ್ಟದ್ದು ನಾನು.

ಪತ್ತೆ ಮಾಡಿದವರು ಎದುರು ಮನೆಯ ಕಾಕು. ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಏಳು ಗಂಟೆಗೆ ಬಾಗಿಲ ಹೊರಗೆ ಹಾಲಿನ ಪ್ಯಾಕೆಟ್ ಇಟ್ಟು, ತಮ್ಮ ಹೊಸ್ತಿಲಲ್ಲೇ ನಿಂತು ಹೇಗಿದ್ದಾರೆ ಅಂತ ಕೇಳಿದರು. ಹೇಳಿದೆ. ಅವರ ಮುಖ ಬದಲಾಯಿತು.

‘ದೋನ್ಹೀ ಪಾಯಾಂನಾ ಹಾತ್ ಲಾವೂನ್ ಬಘ್.’ ಎರಡೂ ಕಾಲು ಮುಟ್ಟಿ ನೋಡು.

ಒಳಗೆ ಹೋಗಿ ಹೊದಿಕೆ ಸರಿಸಿ ಎರಡೂ ಪಾದ ಹಿಡಿದೆ. ಬಲಗಾಲು ಬೆಚ್ಚಗಿತ್ತು. ಎಡಗಾಲು, ಈಗಷ್ಟೇ ಕಾಕು ಇಟ್ಟುಹೋದ ಆ ಹಾಲಿನ ಪ್ಯಾಕೆಟ್ ಹೇಗಿತ್ತೋ ಹಾಗೆಯೇ ಇತ್ತು. ಹೊರಗೆ ಏಪ್ರಿಲ್ ತಿಂಗಳ ಮುಂಬಯಿ ಸೆಕೆ, ಫ್ಯಾನಿನಡಿ ನನ್ನ ಬೆನ್ನು ಒದ್ದೆ. ಪಾದದ ಬಣ್ಣ ಮೇಣದ ಬತ್ತಿಯದ್ದು. ಅಲ್ಲಲ್ಲಿ ನೇರಳೆ ಛಾಯೆ. ಬೆರಳು ಆಡಿಸಿ ಅಂದೆ. ಬಲಗಾಲಿನದ್ದು ಆಡಿದವು. ಎಡಗಾಲಿನ ಹೆಬ್ಬೆರಳು ಮಾತ್ರ ಸ್ವಲ್ಪ ಅಲುಗಿತು. ‘ಆಡ್ಸ್ತಾ ಇದ್ದೆ ಅಲ್ದಾ’ ಅಂದರು ಅಪ್ಪಯ್ಯ. ಅವರ ಲೆಕ್ಕದಲ್ಲಿ ಆಡಿಸುತ್ತಿದ್ದರು.

ಕಾಕು ಎರಡೇ ಪದ ಹೇಳಿದರು. ‘ಆತ್ತಾಚ್ ನಿಘಾ.’ ಈಗಲೇ ಹೊರಡಿ.

ಡೊಂಬಿವಲಿಯ ಮೊದಲ ಆಸ್ಪತ್ರೆಯಲ್ಲಿ ಒಂದೂವರೆ ಗಂಟೆ ಹೋಯಿತು. ನೆಗೆಟಿವ್ ರಿಪೋರ್ಟ್ ಇದ್ದರೆ ಸಾಮಾನ್ಯ ವಾರ್ಡ್, ಪಾಸಿಟಿವ್ ಇದ್ದರೆ ಕೋವಿಡ್ ವಾರ್ಡ್. ನಮ್ಮದು ಹಳೆಯ ಪಾಸಿಟಿವ್. ಹಾಗಾಗಿ ಎಲ್ಲೂ ಇಲ್ಲ. ಕೌಂಟರಿನ ಹುಡುಗ ಉಸಿರಾಟ ಚೆನ್ನಾಗಿದೆಯಲ್ಲ ಸಾರ್, ಮತ್ತೇನು ಅಂದ. ಅವನ ಮೇಲೆ ಕೂಗಾಡಿದೆ. ಆ ವಾರ ಅವನ ಮೇಲೆ ಎಷ್ಟು ಜನ ಕೂಗಾಡಿದ್ದರೋ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಹೊರಗೆ ಬಂದು, ಆಟೋದಲ್ಲೇ ಕೂತಿದ್ದ ಅಪ್ಪಯ್ಯನ ಕಾಲು ಮುಟ್ಟಿ, ಇಲ್ಲಿ ರಕ್ತನಾಳದ ಸರ್ಜನ್ ಇಲ್ಲ, ಠಾಣೆಗೆ ಹೋಗಿ, ನಿಲ್ಲಬೇಡಿ ಅಂದರು. ಶೀಲ್‌ಫಾಟಾ, ಮುಂಬ್ರಾ ದಾಟಿ ಠಾಣೆ. ರಸ್ತೆ ಖಾಲಿ. ಮುಂಬಯಿಯಲ್ಲಿ ಖಾಲಿ ರಸ್ತೆಗಾಗಿ ಹಂಬಲಿಸದವರಿಲ್ಲ. ಆದರೆ ಅವತ್ತು ಆ ಖಾಲಿತನ ನೋಡಿ ಹೊಟ್ಟೆಯಲ್ಲಿ ತಣ್ಣಗಾಯಿತು.

ಠಾಣೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು, ಬಣ್ಣದ ಇಂಜೆಕ್ಷನ್ ಕೊಟ್ಟು. ಪರದೆಯ ಮೇಲೆ ಬಲಗಾಲಿನ ರಕ್ತನಾಳ ಸೊಂಟದಿಂದ ಪಾದದವರೆಗೆ ಬೆಳ್ಳಗೆ ಇಳಿದುಹೋಗಿತ್ತು. ಎಡಗಾಲಿನದ್ದು ಮೊಣಕಾಲಿನ ಹಿಂದೆ ಬಂದು ನಿಂತುಬಿಟ್ಟಿತ್ತು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಹೊಟ್ಟೆಯ ಮಹಾಧಮನಿಯ ಗೋಡೆಗೂ ಒಂದು ಸಣ್ಣ ಹೆಪ್ಪು ಅಂಟಿಕೊಂಡಿತ್ತು. ಅದರದ್ದೇ ಒಂದು ಚೂರು ಕಳಚಿ, ಹರಿವಿನ ಜೊತೆ ಕೆಳಗಿಳಿದು, ನಾಳ ಸಣ್ಣದಾಗುವ ಕಡೆ ಸಿಕ್ಕಿಕೊಂಡಿದೆ ಅಂತ ಸರ್ಜನ್ ಹೇಳಿದರು.

ಹೆಪ್ಪು. ನೋಡಿ, ನಮ್ಮ ಮಾತಿನಲ್ಲಿ ಇದಕ್ಕೂ ಮೊಸರಿಗೂ ಒಂದೇ ಪದ. ಅಮ್ಮನಿಗೆ ನಾನು ಫೋನಿನಲ್ಲಿ ‘ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ’ ಅಂದಾಗ ಅವರು ಕೇಳಿದ ಪ್ರಶ್ನೆಯೂ ಅಡುಗೆಮನೆಯದ್ದೇ. ‘ಹೆಪ್ಪು ಹಾಕಿದ್ದ್ ಯಾರ್?’

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಆಸ್ಪತ್ರೆಯ ಹೊರಗೆ ಕೂತು ನಾನು ಓದಲು ಶುರುಮಾಡಿದ್ದು. ಬೇರೆ ಮಾಡಲು ಕೆಲಸವೂ ಇರಲಿಲ್ಲ. ಆ ಓದು ಇನ್ನೂ ನಿಂತಿಲ್ಲ.

ಮೊಸರಾಗಲು ಮೂರು ಬೇಕು ಅಂತ ಹೋಟೆಲಿನವರಿಗೆ ಗೊತ್ತು. ಹದವಾದ ಬಿಸಿ, ಸ್ವಲ್ಪ ಹಳೇ ಮೊಸರು, ಪಾತ್ರೆ ಅಲುಗಾಡಬಾರದು. ರಕ್ತಕ್ಕೂ ಮೂರು ಅಂತ ಹೇಳುತ್ತಾರೆ. ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ವೈದ್ಯನ ಹೆಸರಿನಲ್ಲಿ ಇದು ಚಾಲ್ತಿಯಲ್ಲಿದೆ. 1856ರಲ್ಲೇ ಆತ ಹೆಪ್ಪು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಹೋಗಿ ಸಿಕ್ಕಿಕೊಳ್ಳುವ ಬಗ್ಗೆ ಬರೆದಿದ್ದ. ರಕ್ತನಾಳದ ಒಳಗೋಡೆಗೆ ಗಾಯವಾಗಬೇಕು, ಹರಿವು ನಿಧಾನವಾಗಬೇಕು, ರಕ್ತವೇ ಗಟ್ಟಿಯಾಗಲು ತಯಾರಾಗಿರಬೇಕು. ಇದರಲ್ಲಿ ಒಂದಿದ್ದರೂ ಅಪಾಯ. ಕೊರೊನಾ ವೈರಸ್ ಮೂರನ್ನೂ ಒಟ್ಟಿಗೆ ಮಾಡಿಕೊಡುತ್ತದೆ.

ಮೊದಲು ಗೋಡೆ. ನಮ್ಮ ರಕ್ತನಾಳಗಳ ಒಳಗೆ ಒಂದೇ ಕೋಶದಷ್ಟು ತೆಳ್ಳಗಿನ ಒಂದು ಪದರ ಇರುತ್ತದೆ. ಎಣ್ಣೆ ಕುಡಿದು ಪಳಗಿದ ದೋಸೆಕಲ್ಲಿನ ಮೇಲ್ಮೈ ಇದ್ದ ಹಾಗೆ. ಅದು ಚೆನ್ನಾಗಿರುವವರೆಗೆ ರಕ್ತ ಎಲ್ಲೂ ಅಂಟುವುದಿಲ್ಲ. ಹೊಸ ಹುಡುಗ ಸೋಪು ಹಾಕಿ ಕಲ್ಲು ಉಜ್ಜಿದ ದಿನ ಏನಾಗುತ್ತದೆ ಅಂತ ಅಪ್ಪಯ್ಯನನ್ನು ಕೇಳಬೇಕು. 2020ರ ಏಪ್ರಿಲ್‌ನಲ್ಲೇ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ವೈದ್ಯರು, ಕೋವಿಡ್‌ನಿಂದ ಸತ್ತವರ ಬೇರೆ ಬೇರೆ ಅಂಗಗಳಲ್ಲಿ ಈ ಒಳಪದರವೇ ಉರಿಯೂತಕ್ಕೆ ಸಿಕ್ಕಿರುವುದನ್ನು ವರದಿ ಮಾಡಿದ್ದರು. ಎರಡನೆಯದು ರಕ್ತ. ವೈರಸ್ ವಿರುದ್ಧ ಹೋರಾಡಲು ದೇಹ ಕಳಿಸುವ ಬಿಳಿ ರಕ್ತಕಣಗಳು ಬಲೆಯಂಥ ಎಳೆಗಳನ್ನು ಹೊರಗೆ ಎಸೆಯುತ್ತವೆ. ವೈರಿ ಸಿಗಲಿ ಅಂತ ಎಸೆದ ಬಲೆಯಲ್ಲಿ ನಮ್ಮದೇ ಪ್ಲೇಟ್ಲೆಟ್ ಸಿಕ್ಕಿಬೀಳುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಲಿವರ್‌ನಲ್ಲಿ ಜಾಸ್ತಿ ತಯಾರಾಗುತ್ತವೆ. ಮೂರನೆಯದು ಹರಿವು, ಅದಕ್ಕೆ ಹೇಳುವುದೇ ಬೇಡ. ಹನ್ನೆರಡು ದಿನ ಮಲಗಿದ್ದ, ಬೆವರಿ ಬೆವರಿ ಒಣಗಿದ್ದ ಮನುಷ್ಯ.

ಇದು ಕೊರೊನಾದ ಹೊಸ ಚಾಳಿಯೂ ಅಲ್ಲ. ಮಾಮೂಲಿ ಫ್ಲೂ ಇದೆಯಲ್ಲ, ಅದರ ಬಗ್ಗೆ 2018ರಲ್ಲಿ ಕೆನಡಾದ ಒಂಟಾರಿಯೋದಿಂದ ಒಂದು ಅಧ್ಯಯನ ಬಂದಿತ್ತು. ಲ್ಯಾಬಿನಲ್ಲಿ ಫ್ಲೂ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಅಲ್ಲಿ ಆಗುವುದೂ ಹೆಚ್ಚು ಕಡಿಮೆ ಇದೇ, ಜಾಗ ಮಾತ್ರ ಹೃದಯದ ನಾಳ. ಸಿಡುಬಿನ ಚಿಕ್ಕಮ್ಮನಂಥ ಚಿಕನ್‌ಪಾಕ್ಸ್ ಬಂದುಹೋದ ಮಕ್ಕಳಲ್ಲಿ ತಿಂಗಳುಗಳ ನಂತರ ಮೆದುಳಿನ ನಾಳ ಕಿರಿದಾಗಿ ಪಾರ್ಶ್ವವಾಯು ಆಗುವುದುಂಟು, ಅಪರೂಪಕ್ಕೆ. ನಮ್ಮಲ್ಲಿ ವೈರಸ್ ಜ್ವರ ಅಂದರೆ ತಲೆಯಲ್ಲಿ ಕೂತಿರುವುದು ಡೆಂಗ್ಯೂ. ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಪ್ಲೇಟ್ಲೆಟ್ ಎಣಿಸುವುದೇ ಕೆಲಸ. ಅಲ್ಲಿ ಭಯ ರಕ್ತ ಸೋರುವುದರದ್ದು. ಹಾಗಾಗಿ ವೈರಸ್ ಬಂದು ರಕ್ತ ಗಟ್ಟಿಯಾಗುತ್ತದೆ ಅನ್ನುವುದು ನಮ್ಮ ಮನಸ್ಸಿಗೆ ಸುಲಭಕ್ಕೆ ಇಳಿಯುವುದಿಲ್ಲ.

ಇನ್ನೊಂದು ಲೆಕ್ಕ ನನ್ನ ನಿದ್ದೆ ಕೆಡಿಸಿದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 4.8 ಕೋಟಿ ವಯಸ್ಕರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನ. ಕೋವಿಡ್ ಗೊತ್ತಾದ ಮೊದಲ ವಾರ ಅಪಧಮನಿಯಲ್ಲಿ ಹೆಪ್ಪುಗಟ್ಟುವ ಸಾಧ್ಯತೆ, ಕೋವಿಡ್ ಇಲ್ಲದವರಿಗೆ ಹೋಲಿಸಿದರೆ ಇಪ್ಪತ್ತು ಪಟ್ಟಿಗೂ ಜಾಸ್ತಿ. ವಾರ ಕಳೆದಂತೆ ಅದು ಬೇಗ ಇಳಿಯುತ್ತದೆ. ಆದರೆ ಆರು ತಿಂಗಳ ನಂತರವೂ ಪೂರ್ತಿ ಮಾಮೂಲಿಗೆ ಬಂದಿರಲಿಲ್ಲ. ಗಾಬರಿ ಬೀಳಬೇಡಿ. ತೀರ ಸಣ್ಣ ಸಂಖ್ಯೆಯ ಇಪ್ಪತ್ತು ಪಟ್ಟು ಸಹ ಸಣ್ಣ ಸಂಖ್ಯೆಯೇ. ಬಹಳಷ್ಟು ಜನರಿಗೆ ಏನೂ ಆಗಲಿಲ್ಲ. ನಮ್ಮ ಕಟ್ಟಡದ ಅಷ್ಟು ಜನರಲ್ಲಿ ಕಾಲಿಗೆ ಬಂದದ್ದು ಅಪ್ಪಯ್ಯನಿಗೊಬ್ಬರಿಗೆ.

‘ಲಸಿಕೆಯಿಂದ ಆದದ್ದಲ್ವಾ?’ ಈ ಪ್ರಶ್ನೆ ಕೇಳದ ನೆಂಟರಿಲ್ಲ. ಅಪ್ಪಯ್ಯ ಮಾರ್ಚ್ ಕೊನೆಯಲ್ಲಿ ಮೊದಲ ಡೋಸ್ ತೆಗೆದುಕೊಂಡಿದ್ದರು. ಹಾಗಾಗಿ ಸರ್ಜನ್ನರೇ ಈ ಪ್ರಶ್ನೆ ನಮಗಿಂತ ಮೊದಲು ಎತ್ತಿದರು. ಲಸಿಕೆಯಿಂದ ಹೆಪ್ಪುಗಟ್ಟುವ ಕಾಯಿಲೆ ನಿಜಕ್ಕೂ ಇದೆ, ತುಂಬ ಅಪರೂಪ. ಅದರಲ್ಲಿ ಪ್ಲೇಟ್ಲೆಟ್ ಬಿದ್ದುಹೋಗುತ್ತದೆ. ಅಪ್ಪಯ್ಯನದ್ದು ಸರಿಯಾಗಿತ್ತು, ಎರಡೂವರೆ ಲಕ್ಷದ ಮೇಲೆ. ಜೊತೆಗೆ ಹನ್ನೆರಡು ದಿನದ ಹಿಂದಿನ ಕೋವಿಡ್ ಕಣ್ಣೆದುರೇ ಇತ್ತು. ಇಷ್ಟು ಹೇಳಿದರೂ ನಮ್ಮ ಚಿಕ್ಕಪ್ಪ ಒಪ್ಪಿಲ್ಲ. ಅವರ ವಾಟ್ಸಾಪ್ ಒಪ್ಪುವುದಿಲ್ಲ.

ಉಬ್ಬಿದ ನರದ ವಿಷಯಕ್ಕೆ ಬರುತ್ತೇನೆ. ಕಾಲಿನಿಂದ ಮೇಲಕ್ಕೆ ರಕ್ತ ವಾಪಸ್ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದರೆ ಕಾಲು ಬಾತುಕೊಳ್ಳುತ್ತದೆ, ಬಿಸಿಯಾಗುತ್ತದೆ, ಕೆಂಪಾಗುತ್ತದೆ. ನೀರು ಹೊರಹೋಗುವ ಮೋರಿ ಕಟ್ಟಿದ ಹಾಗೆ. ಹೃದಯದಿಂದ ರಕ್ತ ತರುವ ನಾಳ ಕಟ್ಟಿದರೆ ಎಲ್ಲ ಉಲ್ಟಾ. ಬಾವು ಇಲ್ಲ, ಬಿಸಿ ಇಲ್ಲ, ಬಣ್ಣ ಇಲ್ಲ. ನಲ್ಲಿಯಲ್ಲೇ ನೀರು ನಿಂತುಹೋಗಿದೆ. ಮೊದಲು ಜೋರು ನೋವು, ಆಮೇಲೆ ಜೋಮು, ಆಮೇಲೆ ಬೆರಳು ಆಡುವುದಿಲ್ಲ. ಇದರಲ್ಲಿ ಮೋಸ ಮಾಡುವುದು ಜೋಮು. ನೋವು ಕಡಿಮೆಯಾಯಿತು ಅಂತ ಅಪ್ಪಯ್ಯ ಐದೂವರೆಗೆ ಹೇಳಿದಾಗ ಅಮ್ಮ ದೇವರಿಗೆ ದೀಪ ಹಚ್ಚಿದ್ದರು. ಕಡಿಮೆಯಾದದ್ದು ನೋವಲ್ಲ, ನೋವನ್ನು ತಿಳಿಸುವ ನರ ಸುಸ್ತಾಗಿತ್ತು. ರಕ್ತ ಪೂರ್ತಿ ನಿಂತ ಕಾಲಿನ ಮಾಂಸಖಂಡ, ನರಗಳು ತಡೆದುಕೊಳ್ಳುವುದು ಸುಮಾರು ಆರು ಗಂಟೆ ಅಂತ ಲೆಕ್ಕ. ನಮ್ಮದು ಎರಡೂವರೆಗೆ ಶುರು. ಆಪರೇಷನ್ ಥಿಯೇಟರಿನೊಳಗೆ ಹೋದಾಗ ಹನ್ನೆರಡೂ ಕಾಲು. ಲೆಕ್ಕ ನೀವೇ ಹಾಕಿ. ನಾನು ಎಷ್ಟು ಸಲ ಹಾಕಿದ್ದೇನೋ.

ಎಲ್ಲರೂ ಬೆರಳಿಗೆ ಕ್ಲಿಪ್ ಸಿಕ್ಕಿಸಿಕೊಂಡು ಶ್ವಾಸಕೋಶ ಕಾಯುತ್ತಿದ್ದೆವು. ಗೋಡೆಯ ಚಾರ್ಟಿನಲ್ಲಿ ಜ್ವರಕ್ಕೆ ಒಂದು ಸಾಲು, ಆಕ್ಸಿಜನ್‌ಗೆ ಒಂದು, ಕೆಮ್ಮಿಗೂ ಒಂದು. ಹನ್ನೆರಡು ದಿನ ಯಾರೂ ಹೊದಿಕೆ ಎತ್ತಿ ಕಾಲು ನೋಡಿರಲಿಲ್ಲ.

ಆಪರೇಷನ್ ಮಾಡಿದ ರೀತಿ ಕೇಳಿದರೆ ನಂಬುವುದು ಕಷ್ಟ. ತೊಡೆಸಂದಿನಲ್ಲಿ ಒಂದು ಸಣ್ಣ ಸೀಳು. ಅಲ್ಲಿಂದ ನೂಡಲ್ಸ್ ಎಳೆಯಷ್ಟು ಸಪೂರದ ಕೊಳವೆ ನಾಳದೊಳಗೆ ಬಿಡುತ್ತಾರೆ. ಅದರ ತುದಿಯಲ್ಲಿ ಮಡಚಿದ ಪುಟ್ಟ ಬಲೂನು. ಹೆಪ್ಪನ್ನು ದಾಟಿ ಆಚೆಗೆ ಹೋದ ಮೇಲೆ ಬಲೂನು ಉಬ್ಬಿಸಿ, ಹಾಗೇ ಹಿಂದಕ್ಕೆ ಎಳೆಯುತ್ತಾರೆ. ಹೆಪ್ಪು ಅದರ ಜೊತೆ ಹೊರಗೆ. ಇದನ್ನು ಕಂಡುಹಿಡಿದವನು ಅಮೆರಿಕದ ಥಾಮಸ್ ಫೋಗಾರ್ಟಿ, 1960ರ ದಶಕದ ಆರಂಭದಲ್ಲಿ. ಶಾಲೆಗೆ ಹೋಗುತ್ತಿದ್ದಾಗಲೇ ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಕೆಲಸಕ್ಕಿದ್ದ ಹುಡುಗ. ಅಲ್ಲಿ ಹೆಪ್ಪು ತೆಗೆಯಲು ಕಾಲುದ್ದ ಕೊಯ್ಯುವುದು, ಆಮೇಲೆ ಕಾಲೋ ಜೀವವೋ ಹೋಗುವುದು ನೋಡಿದ್ದ. ಮುಂದೆ ಮೆಡಿಕಲ್ ಓದುವಾಗ, ಸರ್ಜರಿಯ ರಬ್ಬರ್ ಗ್ಲೌಸಿನ ಕಿರುಬೆರಳಿನ ತುದಿ ಕತ್ತರಿಸಿ ಮೂತ್ರದ ಕೊಳವೆಯ ತುದಿಗೆ ಕಟ್ಟಿದ. ರಬ್ಬರ್ ಮತ್ತು ಪ್ಲಾಸ್ಟಿಕ್ ಹಿಡಿದು ನಿಲ್ಲುವ ಅಂಟು ಸಿಗಲಿಲ್ಲ. ಗಾಳ ಹಾಕಿ ಮೀನು ಹಿಡಿಯುವ ಹುಚ್ಚಿತ್ತು ಅವನಿಗೆ. ಗಾಳಕ್ಕೆ ಹುಳದ ಗೊಂಬೆ ಕಟ್ಟುವ ಗಂಟನ್ನೇ ಇಲ್ಲಿ ಹಾಕಿದ. ನಿಂತಿತು. ಅಪ್ಪಯ್ಯನ ಕಾಲಿನೊಳಗೆ ಹೋಗಿ ಬಂದದ್ದು ಅದರ ಮೊಮ್ಮಗ.

ಸರ್ಜನ್ ಫೋನಿನಲ್ಲಿ ಫೋಟೋ ತೋರಿಸಿದರು. ಬಿಳಿ ಗಾಜ್ ಬಟ್ಟೆಯ ಮೇಲೆ ಮೂರು ತುಂಡು. ನೆನೆಸಿಟ್ಟ ಪುನರ್ಪುಳಿ ಸಿಪ್ಪೆ ಇರುತ್ತದಲ್ಲ, ಅದೇ ಬಣ್ಣ, ಅದೇ ಹೊಳಪು. ಉದ್ದದ್ದು ನನ್ನ ತೋರುಬೆರಳಿನಷ್ಟಿತ್ತು. ಇಷ್ಟೇನಾ, ಅನ್ನಿಸಿತು.

ರಕ್ತ ಮತ್ತೆ ಹರಿದ ಮೇಲೆ ಮೀನಖಂಡ ಬಾತುಕೊಂಡಿತು. ಬಾವು ಒಳಗೇ ಒತ್ತಿ ನಾಳ ಮತ್ತೆ ಮುಚ್ಚಬಾರದು ಅಂತ ಎರಡೂ ಬದಿ ಉದ್ದಕ್ಕೆ ಸೀಳಿ ಬಿಟ್ಟಿದ್ದರು. ಅದನ್ನು ನಾನು ವಿವರಿಸುವುದಿಲ್ಲ. ಕಾಲು ಉಳಿಯಿತು. ಕಿರುಬೆರಳು ಮತ್ತು ಅದರ ಪಕ್ಕದ್ದು ಕಪ್ಪಾಗಿ ಒಣಗಿದವು. ಮೂರು ವಾರದ ನಂತರ ತೆಗೆದರು.

ಅಲ್ಲಿಂದ ಮುಂದೆ ಮನೆಯಲ್ಲಿ ರಕ್ತ ತೆಳು ಮಾಡುವ ಔಷಧಿಗಳ ಕಾಲ. ಆಸ್ಪತ್ರೆಯಲ್ಲಿ ಹೆಪಾರಿನ್ ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. ಹೊಕ್ಕುಳ ಸುತ್ತ ನೀಲಿ ಕಲೆಗಳು. 1916ರಲ್ಲಿ ಅಮೆರಿಕದ ಒಬ್ಬ ಮೆಡಿಕಲ್ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಾ ಹೋಗಿ, ನಾಯಿಯ ಲಿವರ್‌ನಲ್ಲಿ ಹೆಪ್ಪುಗಟ್ಟದಂತೆ ತಡೆಯುವುದನ್ನು ಕಂಡನಂತೆ. ಈಗ ಅದನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಮೊಟ್ಟೆ ಮುಟ್ಟದ ಅಪ್ಪಯ್ಯನಿಗೆ ಇದನ್ನು ನಾವಿನ್ನೂ ಹೇಳಿಲ್ಲ. ಅವರು ಬ್ಲಾಗ್ ಓದುವುದಿಲ್ಲ, ನೀವೂ ಹೇಳಬೇಡಿ.

ಮನೆಗೆ ಬಂದ ಮೇಲೆ ಮಾತ್ರೆ. ವಾರ್ಫರಿನ್‌ನ ಬಳಗದ್ದು. ಅದರ ಕಥೆ ಇನ್ನೂ ಚಂದ. 1920ರ ದಶಕದಲ್ಲಿ ಅಮೆರಿಕ, ಕೆನಡಾದ ದನಗಳು ಬೂಸ್ಟು ಹಿಡಿದ ಒಂದು ಜಾತಿ ಮೇವು ತಿಂದು ರಕ್ತ ಸೋರಿ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ಒಬ್ಬ ರೈತ ಹಿಮಗಾಳಿಯಲ್ಲಿ ಗಾಡಿ ಓಡಿಸಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಸತ್ತ ಕಡಸು, ಸ್ವಲ್ಪ ಮೇವು, ಮತ್ತು ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ. ಅಲ್ಲಿನ ಕಾರ್ಲ್ ಲಿಂಕ್ ಎಂಬ ರಸಾಯನ ವಿಜ್ಞಾನಿ ವರ್ಷಗಟ್ಟಲೆ ಅದರ ಹಿಂದೆ ಬಿದ್ದು ಮೂಲವಸ್ತು ಬೇರ್ಪಡಿಸಿದ. ಅದರಿಂದ ಬಂದ ವಾರ್ಫರಿನ್ 1948ರಲ್ಲಿ ಮೊದಲು ಮಾರಾಟವಾದದ್ದು ಇಲಿ ಪಾಷಾಣವಾಗಿ. 1954ರಲ್ಲಿ ಮನುಷ್ಯರಿಗೂ ಒಪ್ಪಿಗೆ ಸಿಕ್ಕಿತು. ಹಾಲಿನ ಕ್ಯಾನಿನಲ್ಲಿ ಹೆಪ್ಪಾಗದ ರಕ್ತ, ಅಮ್ಮನಿಗೆ ಇದನ್ನು ಹೇಳಿದಾಗ ಸುಮ್ಮನೆ ತಲೆಯಾಡಿಸಿದರು.

ಅವರ ಚಿಂತೆ ಬಸಳೆಯದ್ದು. ಬಾಲ್ಕನಿಯ ಗ್ರಿಲ್‌ಗೆ ಹಬ್ಬಿಸಿದ ಬಸಳೆ ನಮ್ಮ ಮನೆಯ ಹೆಮ್ಮೆ. ಈ ಮಾತ್ರೆ ಕೆಲಸ ಮಾಡುವುದು ವಿಟಮಿನ್ ಕೆ ವಿರುದ್ಧ, ಸೊಪ್ಪಿನಲ್ಲಿ ಅದೇ ಜಾಸ್ತಿ. ಡಾಕ್ಟರ್ ತಿನ್ನಬೇಡಿ ಅನ್ನಲಿಲ್ಲ, ವಾರ ವಾರ ಒಂದೇ ಅಳತೆಯಲ್ಲಿ ತಿನ್ನಿ ಅಂದರು. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಟೆಸ್ಟಿನ ನಂಬರ್ 2ರಿಂದ 3ರ ನಡುವೆ ಇರಬೇಕು. ಒಂದು ಭಾನುವಾರ ಬಸಳೆ ಹುಳಿ ಜಾಸ್ತಿಯಾಗಿ ಮುಂದಿನ ಟೆಸ್ಟಿನಲ್ಲಿ 1.6 ಬಂತು. ಅವತ್ತಿನಿಂದ ಅಮ್ಮ ಬಸಳೆಯನ್ನು ಎಲೆ ಎಣಿಸಿ ಹಾಕುತ್ತಾರೆ. ಈಗ ಮಾತ್ರೆ ಬದಲಾಗಿದೆ, ಹೊಸದಕ್ಕೆ ಸೊಪ್ಪಿನ ತಕರಾರಿಲ್ಲ. ಎಣಿಸುವುದು ಮಾತ್ರ ನಿಂತಿಲ್ಲ.

ಇದನ್ನೆಲ್ಲ ಕೇಳಿ ನನ್ನ ಗೆಳೆಯರಿಬ್ಬರು ಜ್ವರ ಬಂದ ಕೂಡಲೇ ಆಸ್ಪಿರಿನ್ ನುಂಗಲು ಶುರುಮಾಡಿದ್ದರು. ಹಾಗೆ ಮಾಡಬೇಡಿ. ಮನೆಯಲ್ಲೇ ಗುಣವಾಗುವ ಕೋವಿಡ್ ರೋಗಿಗಳಿಗೆ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ನೋಡಿದ ಅಮೆರಿಕದ ಒಂದು ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, 2021ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಡೆಂಗ್ಯೂ ಜ್ವರಕ್ಕೆ ಆಸ್ಪಿರಿನ್ ನುಂಗಿದರಂತೂ ಕಥೆ ಮುಗಿಯಿತು. ಡಿ-ಡೈಮರ್ ಟೆಸ್ಟಿನ ಕಾಗದ ಹಿಡಿದುಕೊಂಡು ಊರೆಲ್ಲ ಅಲೆದದ್ದೂ ನೆನಪಿದೆ ಅಲ್ವಾ? ಹೆಪ್ಪು ಕರಗುವಾಗ ಉಳಿಯುವ ಚೂರುಗಳ ಲೆಕ್ಕ ಅದು. ಎಲ್ಲೋ ಏನೋ ನಡೆಯುತ್ತಿದೆ ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ. ಅಪ್ಪಯ್ಯನ ಆರನೇ ದಿನದ ರಿಪೋರ್ಟಿನಲ್ಲಿ ಅದು ಹೆಚ್ಚೇ ಇತ್ತು. ಆ ತಿಂಗಳು ಯಾರದ್ದು ಹೆಚ್ಚಿರಲಿಲ್ಲ? ಎಲ್ಲಿ ಅಂತ ಹೇಳಿದ್ದು ಕಾಕುವಿನ ಒಂದು ಮಾತು.

ಅಪ್ಪಯ್ಯ ಈಗ ನಡೆಯುತ್ತಾರೆ. ಹೋಟೆಲಿಗೆ ಹೋಗುವುದಿಲ್ಲ, ಆದರೆ ನಾಲ್ಕು ಗಂಟೆಗೆ ಏಳುವುದು ಬಿಟ್ಟಿಲ್ಲ. ಎರಡು ಬೆರಳು ಇಲ್ಲದ ಕಾರಣ ಎಡಗಾಲಿನ ಚಪ್ಪಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಹೋದ ತಿಂಗಳು ಸ್ಟೇಷನ್ ಹೊರಗೆ ಕೂರುವ ಮೋಚಿಯ ಹತ್ತಿರ ಕರೆದುಕೊಂಡು ಹೋದೆ. ಹಿಮ್ಮಡಿಗೆ ಒಂದು ಪಟ್ಟಿ, ಪಕ್ಕದಲ್ಲಿ ಚರ್ಮದ ಒಂದು ತುಂಡು ಹೊಲಿಯಬೇಕಿತ್ತು. ಅವನು ಅಳತೆಗೆ ಅಂತ ಪಾದವನ್ನು ಕೈಯಲ್ಲಿ ಹಿಡಿದ. ಸ್ವಲ್ಪ ಹೊತ್ತು ನೋಡಿದ.

‘ಕ್ಯಾ ಹುವಾ ಥಾ, ಚಾಚಾ?’

ಅಪ್ಪಯ್ಯ ಗಲ್ಲಾದಲ್ಲಿ ಚಿಲ್ಲರೆ ಕೊಡುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು, ‘ಅಂದರ್ ದಹೀ ಜಮ್ ಗಯಾ ಥಾ.’

ಮೋಚಿ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅವರ ಮುಖ ನೋಡಿದ, ಆಮೇಲೆ ಸೂಜಿಗೆ ದಾರ ಪೋಣಿಸಿದ.